ಆರೋಪಿ ತಪ್ಪೊಪ್ಪಿಕೊಂಡರೆ ನೊಂದವರಿಗೆ ಯಾರು ಹೇಳಬೇಕು?

ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಅಮೆರಿಕದ ಸಿರಿವಂತ ಜೆಫ್ರಿ ಎಪ್‌ಸ್ಟೀನ್ ಕಡತಗಳ ಸುದ್ದಿ ಬಂದಾಗಲೆಲ್ಲ ಒಂದು ವಿಷಯ ಹಾದುಹೋಗುತ್ತದೆ. 2007ರಲ್ಲೇ ಫ್ಲಾರಿಡಾದಲ್ಲಿದ್ದ ಕೇಂದ್ರ ಸರ್ಕಾರದ ವಕೀಲರು ಅವನ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಅವನಿಂದ ನೊಂದ ಹುಡುಗಿಯರಿಗೆ ಅದನ್ನು ಹೇಳಿರಲಿಲ್ಲ. ಅಷ್ಟು ದೊಡ್ಡ ಕೇಸು ನೊಂದವರಿಗೇ ಗೊತ್ತಾಗದ ಹಾಗೆ ಮುಗಿದದ್ದು ಹೇಗೆ ಅಂತ ಓದುಗರು ತಲೆ ಕೆಡಿಸಿಕೊಳ್ಳುವುದು ಸಹಜ.

ಇತ್ತ ನಮ್ಮಲ್ಲಿ ಇನ್ನೊಂದು ಗಲಿಬಿಲಿ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಮೊದಲ ಸಲ ತಪ್ಪು ಮಾಡಿದವರು ಒಪ್ಪಿಕೊಂಡರೆ ಆರನೇ ಒಂದರಷ್ಟು ಶಿಕ್ಷೆ ಸಾಕು ಎಂಬ ಮಾತು ಅದರಲ್ಲಿದೆ. ಈ ಪದ್ಧತಿಗೆ ಪ್ಲೀ ಬಾರ್ಗೇನಿಂಗ್ ಅನ್ನುತ್ತಾರೆ. ಮಂಡ್ಯ, ಮೈಸೂರು ಕಡೆ ಕೋರ್ಟಿಗೆ ಅಲೆದು ಅಭ್ಯಾಸ ಇರುವವರೂ ಇದನ್ನು 'ರಾಜಿ' ಅಂದುಕೊಳ್ಳುತ್ತಾರೆ. ರಾಜಿ ಅಂದಮೇಲೆ ನಮ್ಮನ್ನು ಕೇಳಿಯೇ ಕೇಳುತ್ತಾರೆ ಅಂತ ನೆಮ್ಮದಿಯಾಗಿರುತ್ತಾರೆ. ಆ ನೆಮ್ಮದಿಗೆ ಕಾನೂನಿನಲ್ಲಿ ಅರ್ಧ ಆಧಾರ ಇದೆ, ಇನ್ನರ್ಧಕ್ಕೆ ಇಲ್ಲ.

ಕಾನೂನು ನೊಂದವರಿಗೆ ಈ ಒಪ್ಪಂದದ ಮಾತುಕತೆಯ ಕೊಠಡಿಯಲ್ಲಿ ಕುರ್ಚಿ ಹಾಕಿದೆ. ಅಷ್ಟರ ಮಟ್ಟಿಗೆ ನಾವು ಎಷ್ಟೋ ದೇಶಗಳಿಗಿಂತ ಮುಂದಿದ್ದೇವೆ. ಆದರೆ ಅಲ್ಲಿ ನಡೆಯುತ್ತಿರುವುದು ಏನು, ಒಪ್ಪಿದರೆ ಏನಾಗುತ್ತದೆ, ಒಪ್ಪದಿದ್ದರೆ ಏನು ಎಂದು ಅವರಿಗೆ ಮೊದಲೇ ತಿಳಿಸುವ ಹೊಣೆ ಯಾರ ಹೆಗಲ ಮೇಲೂ ಸರಿಯಾಗಿ ಬಿದ್ದಿಲ್ಲ. ತೊಡಕೆಲ್ಲ ಇಲ್ಲಿಂದಲೇ ಶುರು.

ರಾಜಿಯೂ ಅಲ್ಲ, ಲೋಕ ಅದಾಲತ್ತೂ ಅಲ್ಲ

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ರಾಜಿ ಆಗಬಹುದಾದ ಅಪರಾಧಗಳ ಪಟ್ಟಿಯೊಂದು ಕಾನೂನಿನಲ್ಲೇ ಇದೆ. ಸಣ್ಣ ಹೊಡೆದಾಟ, ಮಾನಹಾನಿ, ಇಂಥವು. ಅಲ್ಲಿ ನೊಂದವರು ಒಪ್ಪಿದರೆ ಮಾತ್ರ ಕೇಸು ಮುಗಿಯುತ್ತದೆ, ಆರೋಪಿ ಖುಲಾಸೆ ಆಗುತ್ತಾನೆ. ಬೀಗದ ಕೈ ನೊಂದವರ ಹತ್ತಿರ ಇರುತ್ತದೆ. ಲೋಕ ಅದಾಲತ್‌ನಲ್ಲಿ ಮುಗಿಯುವ ಕ್ರಿಮಿನಲ್ ಕೇಸುಗಳೂ ಇಂಥವೇ.

ಪ್ಲೀ ಬಾರ್ಗೇನಿಂಗ್ ಬೇರೆ. ಕನ್ನಡದಲ್ಲಿ 'ತಪ್ಪೊಪ್ಪಿಗೆ ಚೌಕಾಸಿ' ಅನ್ನುತ್ತಾರೆ. ಚೌಕಾಸಿ ಅಂದರೆ ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಂಡ ಹಾಗೆ ಕೇಳಿಸುತ್ತದೆ, ಆದರೆ ಕೋರ್ಟಿನಲ್ಲಿ ವಕೀಲರೂ ಅದೇ ಪದ ಬಳಸುತ್ತಾರೆ. ಇಲ್ಲಿ ಆರೋಪಿ ತಪ್ಪು ಒಪ್ಪಿಕೊಳ್ಳುತ್ತಾನೆ. ಅವನು ಅಪರಾಧಿ ಎಂದೇ ತೀರ್ಪಾಗುತ್ತದೆ. ಸಾಕ್ಷಿ ವಿಚಾರಣೆ ನಡೆಯುವುದಿಲ್ಲ. ಬದಲಿಗೆ ಶಿಕ್ಷೆ ಇಳಿಯುತ್ತದೆ, ಜೊತೆಗೆ ನೊಂದವರಿಗೆ ಪರಿಹಾರ ಮತ್ತು ಕೇಸಿನ ಖರ್ಚು ಕೊಡಿಸುವ ಅವಕಾಶ ಇರುತ್ತದೆ. ಬೀಗದ ಕೈ ನೊಂದವರ ಹತ್ತಿರ ಇದೆಯಾ? ಇದಕ್ಕೆ ಕಾನೂನು ನೇರವಾಗಿ ಉತ್ತರ ಕೊಡುವುದಿಲ್ಲ.

ಒಮ್ಮೆ ಬೇಡ ಅಂದಿದ್ದು, ಆಮೇಲೆ ಬೇಕಾಯಿತು

ಸುಪ್ರೀಂ ಕೋರ್ಟಿಗೆ ಮೊದಲು ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. 1976 ಮತ್ತು 1980ರ ತೀರ್ಪುಗಳಲ್ಲಿ ಇದನ್ನು ಖಂಡಿಸಿತು. ಆಮೇಲೆ ಕರ್ನಾಟಕದ್ದೇ ಒಂದು ಕೇಸು ಅಲ್ಲಿಗೆ ಹೋಯಿತು. ಸಣ್ಣ ಶಿಕ್ಷೆಯ ಆಸೆ ತೋರಿಸಿ ತಪ್ಪು ಒಪ್ಪಿಸಿ, ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಹೆಚ್ಚಿಸುವುದು ಬದುಕು, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು ಕೋರ್ಟು. ಗಮನಿಸಿ, ಆ ಚಿಂತೆಯೆಲ್ಲ ಆರೋಪಿಯ ಬಗ್ಗೆ. ಅಲೆದಾಟ ತಾಳಲಾರದೆ ನಿರಪರಾಧಿ ತಪ್ಪು ಒಪ್ಪಿಕೊಂಡುಬಿಟ್ಟರೆ ಎಂಬ ಭಯ. ನೊಂದವರ ಪ್ರಶ್ನೆ ಆಗ ಚರ್ಚೆಯ ನಡುವಿಗೆ ಬಂದಿರಲಿಲ್ಲ.

ಕೇಸುಗಳು ಗುಡ್ಡೆ ಬಿದ್ದ ಮೇಲೆ ಧೋರಣೆ ಬದಲಾಯಿತು. ಕಾನೂನು ಆಯೋಗ 1991ರಿಂದ ಶಿಫಾರಸು ಮಾಡುತ್ತ ಬಂತು. ಹಿಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿಯೂ 2003ರಲ್ಲಿ ಬೆಂಬಲಿಸಿತು. ಅದೇ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು: ಗಂಭೀರ ಕೇಸುಗಳಲ್ಲಿ ನೊಂದವರನ್ನು ಬರೀ ಸಾಕ್ಷಿ ಅಂತ ನೋಡಬೇಡಿ, ಕೇಸಿನ ಕಕ್ಷಿಯಾಗಿ ಸೇರಿಸಿಕೊಳ್ಳಿ. ಸಂಸತ್ತು ಮೊದಲನೆಯದನ್ನು ತೆಗೆದುಕೊಂಡಿತು, ಎರಡನೆಯದನ್ನು ಹಾಗೇ ಬಿಟ್ಟಿತು. 2006ರ ಜುಲೈ 5ರಿಂದ ಪ್ಲೀ ಬಾರ್ಗೇನಿಂಗ್ ಜಾರಿಗೆ ಬಂತು. ಈಗ ಅದು ಕ್ರಿಮಿನಲ್ ಕೇಸು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಸೆಕ್ಷನ್‌ಗಳಲ್ಲಿದೆ.

ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಇದು ಸಲ್ಲುವುದಿಲ್ಲ. ಮಹಿಳೆ ಅಥವಾ ಮಗುವಿನ ಮೇಲೆ ನಡೆದ ಅಪರಾಧಕ್ಕೆ ಇಲ್ಲ. ದೇಶದ ಸಾಮಾಜಿಕ, ಆರ್ಥಿಕ ಸ್ಥಿತಿಗೆ ಧಕ್ಕೆ ತರುವ ಅಪರಾಧಗಳಿಗೂ ಇಲ್ಲ. ಹಾಗಾಗಿ ಎಪ್‌ಸ್ಟೀನ್ ಮಾದರಿಯ ಕೇಸು ನಮ್ಮಲ್ಲಿ ಈ ಬಾಗಿಲಿಗೇ ಬರುವಂತಿಲ್ಲ. ಬರುವುದು ಯಾವುದು? ಕಳ್ಳತನ, ವಂಚನೆ, ಗಾಯ, ಅಪಘಾತದ ಸಾವು. ಅಂದರೆ ಸಾಮಾನ್ಯ ಜನ ಕೋರ್ಟು ಕಾಣುವುದೇ ಯಾವ ಕೇಸುಗಳಿಂದಲೋ ಅವು.

ಮಹಿಳೆಯರ ವಿಷಯದ ವಿನಾಯಿತಿಯಲ್ಲಿ ಒಂದು ತಮಾಷೆಯೂ ಇದೆ. ಚೀಟಿ ಹಾಕಿ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಮೋಸ ಹೋದರು ಅನ್ನಿ. ಅಕ್ಷರಶಃ ಓದಿದರೆ ಗಂಡನಿಗಾದ ವಂಚನೆಯಲ್ಲಿ ಚೌಕಾಸಿ ಮಾಡಬಹುದು, ಹೆಂಡತಿಗಾದ ವಂಚನೆಯಲ್ಲಿ ಮಾಡುವಂತಿಲ್ಲ. ರಕ್ಷಣೆ ಕೊಡಲು ಹೊರಟ ನಿಯಮ ಆಕೆಗೆ ಬೇಗ ದುಡ್ಡು ವಾಪಸ್ ಸಿಗುವ ದಾರಿಯನ್ನೂ ಮುಚ್ಚಿತು ಅನ್ನುವವರಿದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ.

ಹೆದ್ದಾರಿ ಬದಿಯ ಒಂದು ಕೇಸು

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ನಡೆದ ಘಟನೆಯಲ್ಲ. ಆದರೆ ಬೆಂಗಳೂರು-ಮೈಸೂರು ಹೆದ್ದಾರಿ ಪಕ್ಕದ ಊರಿನವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ರೈತ. ಟಿವಿಎಸ್ ಎಕ್ಸ್‌ಎಲ್ ಹಿಂದೆ ಹಸಿ ಹುಲ್ಲಿನ ಹೊರೆ ಕಟ್ಟಿಕೊಂಡು ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದಾನೆ. ಹಿಂದಿನಿಂದ ಕಾರು ಗುದ್ದಿ ಸಾಯುತ್ತಾನೆ. ಕಾರಿನವನ ಮೇಲೆ ಭಾರತೀಯ ನ್ಯಾಯ ಸಂಹಿತೆಯ 106(1) ಕೇಸು. ನಿರ್ಲಕ್ಷ್ಯದಿಂದ ಸಾವು. ಗರಿಷ್ಠ ಶಿಕ್ಷೆ 5 ವರ್ಷ. ಹಳೆಯ ಐಪಿಸಿಯ 304ಎ ಅಡಿ ಇದು 2 ವರ್ಷ ಇತ್ತು. ಕಾರಿನವನಿಗೆ ಹಿಂದೆ ಯಾವ ಕೇಸೂ ಇಲ್ಲ.

ರೈತನ ಮಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಅಪ್ಪ ಸತ್ತು ವರ್ಷವಾಗುತ್ತ ಬಂದಾಗ ಒಂದು ಫೋನ್.

"ನಾಳೀಕ್ ಹನ್ನೊಂದು ಗಂಟೆಗೆ ಕೋರ್ಟ್ ತಾವ ಬಂದ್ಬುಡಿ. ನಿಮ್ಮಪ್ಪನ್ ಕೇಸಲ್ಲಿ ಒಂದ್ ಮೀಟಿಂಗ್ ಅದೆ."

"ಏನ್ ಮೀಟಿಂಗ್ ಸಾ?"

"ಬನ್ನಿ, ಬಂದ್ರೆ ಯೋಳ್ತರೆ."

ಕಾನೂನಿನ ಭಾಷೆಯಲ್ಲಿ ಹುಡುಗ 'ಸಂತ್ರಸ್ತ'. ಸತ್ತವರ ವಾರಸುದಾರರೂ ಆ ಪದದೊಳಗೆ ಬರುತ್ತಾರೆ. ಅವನಿಗೆ ಮಾಹಿತಿ ಬಂತು, ಕರೆಯೂ ಬಂತು. ಕಾಗದದ ಮೇಲೆ ಹಕ್ಕು ಪಾಲನೆಯಾಯಿತು ಅನ್ನಬಹುದು. ಆದರೆ ನಾಳೆ ಆ ಕೊಠಡಿಯಲ್ಲಿ ಅವನಿಗೆ ಏನು ಗೊತ್ತಿರುತ್ತದೆ?

ಎರಡು ಬಾಗಿಲು, ಕರೆ ಎರಡನೆಯದಕ್ಕೆ

ಆ ಫೋನಿಗಿಂತ ಮುಂಚೆ ಏನೇನು ನಡೆದಿರುತ್ತದೆ ನೋಡಿ. ಕೋರ್ಟು ದೋಷಾರೋಪ ನಿಗದಿ ಮಾಡುತ್ತದೆ. ಕೋರ್ಟಿನಲ್ಲಿ ಎಲ್ಲರೂ ಅನ್ನುವುದು 'ಚಾರ್ಜ್ ಫ್ರೇಮ್'. ಅಲ್ಲಿಂದ 30 ದಿನದೊಳಗೆ ಆರೋಪಿ ಅರ್ಜಿ ಹಾಕಬೇಕು. ಹಳೆಯ ಕಾನೂನಿನಲ್ಲಿ ಈ ಗಡುವು ಇರಲಿಲ್ಲ. ನಾನು ಸ್ವಂತ ಇಚ್ಛೆಯಿಂದ ಕೇಳುತ್ತಿದ್ದೇನೆ, ಇದೇ ಅಪರಾಧಕ್ಕೆ ಹಿಂದೆ ಶಿಕ್ಷೆಯಾಗಿಲ್ಲ ಎಂದು ಅಫಿಡವಿಟ್ ಕೊಡಬೇಕು.

ಅರ್ಜಿ ಬಂದ ಕೂಡಲೇ ಕೋರ್ಟು ನೋಟಿಸ್ ಕೊಡುವುದು ಸರ್ಕಾರಿ ವಕೀಲರಿಗೆ ಇಲ್ಲವೇ ದೂರುದಾರರಿಗೆ, ಮತ್ತೆ ಆರೋಪಿಗೆ. ಪೊಲೀಸ್ ಕೇಸಿನಲ್ಲಿ ಸಾಮಾನ್ಯವಾಗಿ ಸರ್ಕಾರಿ ವಕೀಲರಿಗೆ ಅಂತ ಅರ್ಥ. ಆಮೇಲೆ ನ್ಯಾಯಾಧೀಶರು ಆರೋಪಿಯೊಬ್ಬನನ್ನೇ ಒಳಗೆ ಕೂರಿಸಿಕೊಂಡು ವಿಚಾರಿಸುತ್ತಾರೆ. ಯಾರಾದರೂ ಹೆದರಿಸಿ ಅರ್ಜಿ ಹಾಕಿಸಿದ್ದಾರಾ ಅಂತ ತಿಳಿಯಲು ಇದು ಬೇಕು, ತಪ್ಪಲ್ಲ. ಅದು ಸರಿ ಅನ್ನಿಸಿದರೆ ಒಪ್ಪಂದಕ್ಕೆ ಬರಲು 60 ದಿನ ಮೀರದ ಸಮಯ ಕೊಡುತ್ತಾರೆ. ಇಷ್ಟಾಗುವ ತನಕ ರೈತನ ಮನೆಗೆ ಏನೂ ತಿಳಿಯದೆ ಇರಬಹುದು.

ನೊಂದವರ ಹೆಸರು ಬರುವುದು ಎರಡನೇ ಬಾಗಿಲಲ್ಲಿ. ಮಾತುಕತೆಯ ಸಭೆಗೆ ಸರ್ಕಾರಿ ವಕೀಲರು, ತನಿಖಾಧಿಕಾರಿ, ಆರೋಪಿ, ನೊಂದವರು ಈ ನಾಲ್ವರಿಗೂ ಕೋರ್ಟು ನೋಟಿಸ್ ಕೊಡಲೇಬೇಕು. 291ನೇ ಸೆಕ್ಷನ್‌ನ ಮಾತು ಇದು, ಸ್ಪಷ್ಟವಾಗಿದೆ. ಅಮೆರಿಕದಲ್ಲಿ ಆದ ಹಾಗೆ ಗುಟ್ಟಾಗಿ ಮಾಡಲು ಬರುವುದಿಲ್ಲ ಅನ್ನುವುದು ಇದೇ ಕಾರಣಕ್ಕೆ.

ಆದರೆ ಆ ನೋಟಿಸ್‌ನಲ್ಲಿ ಏನೇನು ಬರೆದಿರಬೇಕು? ಶಿಕ್ಷೆ ಎಷ್ಟಕ್ಕೆ ಇಳಿಯಬಹುದು, ಪರಿಹಾರ ಕೇಳಬಹುದು, ಒಪ್ಪದೆ ಇರಬಹುದು ಎಂದು ತಿಳಿಸಬೇಕಾ? ಸೆಕ್ಷನ್ ಸುಮ್ಮನಿದೆ. ಎಷ್ಟು ದಿನ ಮುಂಚೆ ಕೊಡಬೇಕು ಅನ್ನುವುದಕ್ಕೂ ಸುಮ್ಮನಿದೆ. ತನಿಖೆಯ ಹಂತದಲ್ಲಾದರೆ ಪರವಾಗಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ತಿಳಿಸಬೇಕು, ಮೊಬೈಲ್ ಸಂದೇಶದ ಮೂಲಕವಾದರೂ ಸರಿ ಎಂದು ಹೊಸ ಕಾನೂನು ಹೇಳುತ್ತದೆ. ಚಾರ್ಜ್‌ಶೀಟ್ ಕೋರ್ಟಿಗೆ ಹೋದ ಮೇಲೆ ಅಂಥ ಒಂದು ಸಾಲು ಇಲ್ಲ.

ವಕೀಲರಿದ್ದರೆ ಕಾಗದ, ಇಲ್ಲದಿದ್ದರೆ?

ಇನ್ನೂ ಎರಡು ಕಡೆ ಕಾನೂನು ಎಡವಿದೆ ಅನ್ನಿಸುತ್ತದೆ. ಎರಡೂ ಸಣ್ಣ ಸಾಲುಗಳು, ಓದುವಾಗ ಕಣ್ಣು ತಪ್ಪಿಹೋಗುತ್ತವೆ.

ಮೊದಲನೆಯದು ನಾಗರಿಕ ಸುರಕ್ಷಾ ಸಂಹಿತೆಯ 230ನೇ ಸೆಕ್ಷನ್. ಎಫ್‌ಐಆರ್, ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆಗಳ ಪ್ರತಿಯನ್ನು ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ ಅವನಿಗೂ, ನೊಂದವರಿಗೂ ಪುಕ್ಕಟೆ ಕೊಡಬೇಕು. ಹಳೆಯ ಕಾನೂನಿನಲ್ಲಿ ನೊಂದವರ ಹೆಸರೇ ಇರಲಿಲ್ಲ. ಇದು ನಿಜಕ್ಕೂ ಮುಂದಿನ ಹೆಜ್ಜೆ. ಆದರೆ 'ನೊಂದವರು ವಕೀಲರ ಮೂಲಕ ಹಾಜರಾಗಿದ್ದರೆ' ಎಂಬ ಷರತ್ತು ಜೊತೆಗೇ ಇದೆ. ಪೊಲೀಸ್ ಕೇಸಿನಲ್ಲಿ ನಮ್ಮ ಪರ ಸರ್ಕಾರಿ ವಕೀಲರಿದ್ದಾರೆ, ಬೇರೆ ವಕೀಲರಿಗೆ ದುಡ್ಡು ಯಾಕೆ ಅಂತ ಯಾರೂ ಇಡುವುದಿಲ್ಲ. ಇಡದಿದ್ದರೆ ಕಾಗದ ಬರುವುದಿಲ್ಲ. ಕಾಗದ ನೋಡದೆ ಕಾರು ಎಷ್ಟು ವೇಗದಲ್ಲಿತ್ತು, ಸ್ಥಳ ಮಹಜರಿನಲ್ಲಿ ಏನಿದೆ ಎಂದು ಹುಡುಗನಿಗೆ ಗೊತ್ತಾಗುವುದು ಹೇಗೆ?

ಎರಡನೆಯದು ಅದೇ 291ನೇ ಸೆಕ್ಷನ್ ಒಳಗೆ. ಖಾಸಗಿ ದೂರಿನ ಕೇಸಾದರೆ ಆರೋಪಿಯೂ ನೊಂದವರೂ ತಮ್ಮ ವಕೀಲರ ಜೊತೆ ಸಭೆಗೆ ಬರಬಹುದು ಎಂದಿದೆ. ಪೊಲೀಸ್ ಕೇಸಿನ ಭಾಗದಲ್ಲಿ ಮಾತ್ರ 'ಆರೋಪಿ ತನ್ನ ವಕೀಲರ ಜೊತೆ ಬರಬಹುದು' ಎಂದು ಹೇಳಿ ನಿಲ್ಲಿಸಿದ್ದಾರೆ. ನೊಂದವರ ವಕೀಲರ ಮಾತಿಲ್ಲ. ಬರಬಾರದು ಅಂತಲೂ ಇಲ್ಲ. ನೊಂದವರು ತಮ್ಮ ವಕೀಲರನ್ನು ಇಟ್ಟುಕೊಂಡು ಸರ್ಕಾರಿ ವಕೀಲರಿಗೆ ನೆರವಾಗಬಹುದು ಎಂದು ಕಾನೂನಿನ ಬೇರೆ ಕಡೆ ಇರುವುದರಿಂದ ಬಹುಶಃ ಕೋರ್ಟು ಬಿಟ್ಟುಕೊಳ್ಳುತ್ತದೆ. ಆದರೆ ಬಿಟ್ಟುಕೊಳ್ಳುವುದು ಬೇರೆ, ಹಕ್ಕು ಬೇರೆ ಅಲ್ವಾ?

ಹೀಗಾಗಿ ಕೊಠಡಿಯ ಚಿತ್ರ ಇದು. ಒಂದು ಕಡೆ ಬೆಂಗಳೂರಿನಿಂದ ಬಂದ ವಕೀಲರು, ಕೈಯಲ್ಲಿ ಇಡೀ ಫೈಲು. ಇನ್ನೊಂದು ಕಡೆ ದಿನಕ್ಕೆ ಇಪ್ಪತ್ತು, ಮೂವತ್ತು ಕೇಸು ನೋಡುವ ಸರ್ಕಾರಿ ವಕೀಲರು. ಪಕ್ಕದಲ್ಲಿ ಒಂದು ಶಿಫ್ಟ್ ಕಳೆದುಕೊಂಡು ಬಂದ ಹುಡುಗ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ದಾರಿಯೊಂದಿದೆ. ಸತ್ತ ರೈತನ ಹೆಂಡತಿಯೂ ವಾರಸುದಾರಳೇ, ಆಕೆಯೂ ಸಂತ್ರಸ್ತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ತಾಯಿಯ ಹೆಸರಿನಲ್ಲಿ ವಕಾಲತ್ತು ಬಿದ್ದರೆ ಕಾಗದ ಕೇಳುವ ಹಕ್ಕೂ ಜೊತೆಗೇ ಬರುತ್ತದೆ. ಕೇಸಿನ ಸಿಎನ್‌ಆರ್ ನಂಬರ್, ಅಂದರೆ ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ, ಇದ್ದರೆ ಈ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ಡೇಟ್ ಯಾವಾಗ, ಯಾವ ಹಂತ ಎಂದು ಮನೆಯಲ್ಲೇ ನೋಡಬಹುದು. ಯಾರೂ ಹೇಳದಿದ್ದಾಗ ಹೀಗೆ ನಾವೇ ಹುಡುಕಿಕೊಳ್ಳಬೇಕಾಗಿದೆ.

ಲೆಕ್ಕ ಹಾಕಿದರೆ

5 ವರ್ಷ ಅಂದರೆ 60 ತಿಂಗಳು. ಚೌಕಾಸಿಯಲ್ಲಿ ಸಾಮಾನ್ಯವಾಗಿ ಗರಿಷ್ಠ ಶಿಕ್ಷೆಯ ಕಾಲು ಭಾಗ, ಅಂದರೆ 15 ತಿಂಗಳು. ಮೊದಲ ಸಲದ ಅಪರಾಧಿಗೆ ಆರನೇ ಒಂದರಷ್ಟು, ಅಂದರೆ 10 ತಿಂಗಳು. ಕನಿಷ್ಠ ಶಿಕ್ಷೆ ನಿಗದಿಯಾಗಿರುವ ಅಪರಾಧವಾದರೆ ಆ ಕನಿಷ್ಠದ ಅರ್ಧ, ಮೊದಲ ಸಲದವರಿಗೆ ಕಾಲು ಭಾಗ. ಸನ್ನಡತೆಯ ಮೇಲೆ ಬಿಡುವ ದಾರಿಯೂ ಕೋರ್ಟಿನ ಮುಂದಿರುತ್ತದೆ.

ಹೊಸ ಕಾನೂನು ಎಲ್ಲ ಕಡೆ ಮೆತ್ತಗಾಗಿದೆ ಅನ್ನುವುದು ಮಾತ್ರ ಸರಿಯಲ್ಲ. ಹಳೆಯ 304ಎ ಅಡಿ 24 ತಿಂಗಳ ಕಾಲು ಭಾಗ 6 ತಿಂಗಳು ಆಗುತ್ತಿತ್ತು. ಈಗ ಮೊದಲ ಸಲದವನಿಗೂ 10. ವಂಚನೆಯ ಕೇಸಿನಲ್ಲಿ ಉಲ್ಟಾ. ಗರಿಷ್ಠ 7 ವರ್ಷ ಹಾಗೇ ಇದೆ. ಮೊದಲು 21 ತಿಂಗಳು ಅನ್ನುತ್ತಿದ್ದದ್ದು ಮೊದಲ ಸಲದವರಿಗೆ ಈಗ 14 ಆಗುತ್ತದೆ. ಎಲ್ಲಿ ಕಡಿತ ಜಾಸ್ತಿಯಾಯಿತೋ ಅಲ್ಲಿ ನೊಂದವರು ಸುಮ್ನೆ ಸಹಿ ಹಾಕಿ ಬರುವುದರ ಬೆಲೆಯೂ ಜಾಸ್ತಿಯಾಯಿತು.

ಇನ್ನು ಮೇಲ್ಮನವಿ. ಸಾಮಾನ್ಯ ಕೇಸಿನಲ್ಲಿ ಆರೋಪಿ ಖುಲಾಸೆಯಾದರೆ, ಪರಿಹಾರ ಕಡಿಮೆಯಾದರೆ ನೊಂದವರೇ ಮೇಲ್ಮನವಿ ಹಾಕಬಹುದು. ಅದಕ್ಕೆ ಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಕರ್ನಾಟಕದ ಕೇಸಿನಲ್ಲೇ. ಪ್ಲೀ ಬಾರ್ಗೇನಿಂಗ್ ತೀರ್ಪಿಗೆ ಆ ಸೌಲಭ್ಯ ಇಲ್ಲ. ಉಳಿಯುವುದು ಹೈಕೋರ್ಟಿಗೆ ರಿಟ್, ಇಲ್ಲವೇ ಸುಪ್ರೀಂ ಕೋರ್ಟಿಗೆ ವಿಶೇಷ ಅರ್ಜಿ. ಶ್ರೀರಂಗಪಟ್ಟಣದ ಮನೆಯಿಂದ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕುವುದು ಯಾರ ಕೈಲಾಗುತ್ತದೆ? ಹಾಗಾಗಿ ಬಾಯಿ ಬಿಡಬೇಕಾದದ್ದು ಆ ಸಭೆಯಲ್ಲೇ. ಆಮೇಲೆ ಅಂದರೆ ಇಲ್ಲ.

ಸಹಿ ಹಾಕದಿದ್ದರೆ ಏನಾಗುತ್ತದೆ?

ಒಪ್ಪಂದವಾದರೆ ಕೋರ್ಟು ವರದಿ ತಯಾರಿಸಬೇಕು. ಅದಕ್ಕೆ ನ್ಯಾಯಾಧೀಶರೂ, ಸಭೆಯಲ್ಲಿ ಭಾಗವಹಿಸಿದ ಎಲ್ಲರೂ ಸಹಿ ಹಾಕಬೇಕು. ಈ ಒಂದು ಸಾಲನ್ನು ಇಬ್ಬರು ಎರಡು ಥರ ಓದಬಹುದು.

ಒಂದು ಓದು ಹೀಗೆ. ಕಾನೂನು ಕೇಳುವುದು ಎಲ್ಲರಿಗೂ ತೃಪ್ತಿಯಾಗುವ ತೀರ್ಮಾನ. ನೊಂದವರು ಸಭೆಯಲ್ಲಿದ್ದು ಸಹಿ ಹಾಕದಿದ್ದರೆ ತೀರ್ಮಾನವೇ ಆಗಿಲ್ಲ ಅಂತ ಅರ್ಥ. ಕೇಸು ಅರ್ಜಿ ಹಾಕಿದ ಹಂತಕ್ಕೆ ವಾಪಸ್ ಹೋಗಿ ವಿಚಾರಣೆ ಮುಂದುವರಿಯಬೇಕು. ಇನ್ನೊಂದು ಓದು: ನೊಂದವರಿಗೆ ಭಾಗವಹಿಸುವ ಅವಕಾಶ ಕೊಡಬೇಕು ಅಷ್ಟೇ, ತಡೆಯುವ ಅಧಿಕಾರ ಕೊಟ್ಟಿಲ್ಲ. ನೋಟಿಸ್ ಕೊಟ್ಟರೂ ಬರದಿದ್ದರೆ ಆರೋಪಿ ಯಾಕೆ ಕಾಯಬೇಕು?

ನನಗೆ ಮೊದಲನೆಯ ಓದೇ ಸರಿ ಅನ್ನಿಸುತ್ತದೆ, ಬಂದು ಕೂತವರ ಮಟ್ಟಿಗೆ. ಎದುರಿಗೆ ಕೂತು 'ನನಗೆ ಒಪ್ಪಿಗೆ ಇಲ್ಲ' ಅಂದವರನ್ನು ಪಕ್ಕಕ್ಕಿಟ್ಟು ಅದಕ್ಕೆ 'ಎಲ್ಲರಿಗೂ ತೃಪ್ತಿ' ಅಂತ ಹೆಸರಿಡಲು ಬರುವುದಿಲ್ಲ. ಬರದೇ ಇದ್ದವರ ವಿಷಯ ಬೇರೆ. ಅಲ್ಲಿ ಕೇಳಬೇಕಾದ ಪ್ರಶ್ನೆ, ಅವರಿಗೆ ನೋಟಿಸ್ ನಿಜವಾಗಿ ತಲುಪಿತ್ತಾ, ತಲುಪಿದ್ದರೆ ಅರ್ಥವಾಗಿತ್ತಾ ಎನ್ನುವುದು. 'ನಾಳೀಕ್ ಬಂದ್ಬುಡಿ' ಎಂಬ ಫೋನ್ ಕರೆಯನ್ನು ನೋಟಿಸ್ ಅನ್ನಲು ಮನಸ್ಸು ಒಪ್ಪುವುದಿಲ್ಲ.

ಶಿಕ್ಷೆಯ ಪ್ರಮಾಣದ ಬಗ್ಗೆ ಕೋರ್ಟು 'ಪಕ್ಷಗಾರರನ್ನು' ಕೇಳಬೇಕು ಎಂದಿದೆ. ನೊಂದವರು ಪಕ್ಷಗಾರರಾ, ಅಂದರೆ ಕೇಸಿನ ಕಕ್ಷಿಗಳಾ? ಮಳಿಮಠ ಸಮಿತಿಯ ಆ ಎರಡನೇ ಮಾತನ್ನು ಈ ಕೇಸುಗಳಿಗೂ ವಿಸ್ತರಿಸಿ ಕಾನೂನು ಮಾಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತನಿಖೆಯಿಂದ ಹಿಡಿದು ಮೇಲ್ಮನವಿ ಮುಗಿಯುವವರೆಗೆ ಪ್ರತಿ ಹಂತದಲ್ಲೂ ನೊಂದವರಿಗೆ ತಮ್ಮ ಮಾತು ಹೇಳುವ ಹಕ್ಕಿದೆ ಅಂದಿತು. ಅದು ಜಾಮೀನಿನ ಕೇಸು. ಆದರೆ ಪ್ರತಿ ಹಂತ ಅಂದಮೇಲೆ ಈ ಹಂತವೂ ಸೇರಬೇಕು.

ಆರೋಪಿಯ ಕಡೆಯ ವಾದವೂ ಹಗುರವಲ್ಲ

ನೊಂದವರಿಗೆ ಪೂರ್ತಿ ತಡೆ ಅಧಿಕಾರ ಕೊಡಬೇಡಿ ಅನ್ನುವವರ ವಾದ ಕೇಳಿ. ಅಪರಾಧ ಸಮಾಜದ ವಿರುದ್ಧ ನಡೆದದ್ದು, ಅದಕ್ಕೇ ಸರ್ಕಾರ ಕೇಸು ನಡೆಸುವುದು. ನೊಂದವರ ಸಿಟ್ಟಿನ ಮೇಲೆ ಶಿಕ್ಷೆ ನಿಂತರೆ ಒಂದೇ ತಪ್ಪಿಗೆ ಒಬ್ಬೊಬ್ಬರಿಗೆ ಒಂದೊಂದು ಅಳತೆ ಆಗುತ್ತದೆ.

ಇದಕ್ಕಿಂತ ಗಟ್ಟಿಯಾದದ್ದು ಬಡ ಆರೋಪಿಯ ವಾದ. ಮಂಡ್ಯ ಕಡೆ ಪಂಪ್‌ಸೆಟ್ ಕೇಬಲ್ ಕದ್ದು ಸಿಕ್ಕಿಬಿದ್ದ ಒಬ್ಬನನ್ನು ಅಂದುಕೊಳ್ಳಿ. ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆ. ಆರನೇ ಒಂದರಷ್ಟು ಅಂದರೆ 6 ತಿಂಗಳು. ಜಾಮೀನು ಕೊಡುವವರಿಲ್ಲದೆ ಅವನು ಆಗಲೇ 5 ತಿಂಗಳು ಜೈಲಿನಲ್ಲಿದ್ದಾನೆ. ಆ ದಿನಗಳೂ ಶಿಕ್ಷೆಗೆ ಜಮೆಯಾಗುತ್ತವೆ. ಒಪ್ಪಂದವಾದರೆ ಮುಂದಿನ ತಿಂಗಳು ಮನೆ. ಆದರೆ ಕೇಬಲ್ ಕಳೆದುಕೊಂಡ ರೈತ ಪೂರ್ತಿ ದುಡ್ಡು ಕೊಡುವ ತನಕ ಸಹಿ ಹಾಕಲ್ಲ ಅಂದರೆ? ಇವನ ಹತ್ತಿರ ದುಡ್ಡಿಲ್ಲ, ಇದ್ದಿದ್ದರೆ ಜಾಮೀನಿಗೇ ಆಗುತ್ತಿತ್ತು. ಅದೇ ಕಾರಿನವನು ಕೇಳಿದಷ್ಟು ಕೊಟ್ಟು ಹೋಗುತ್ತಾನೆ. ಒಪ್ಪಿಗೆಯನ್ನು ಕಡ್ಡಾಯ ಮಾಡಿದ ಕೂಡಲೇ ಅದಕ್ಕೆ ರೇಟು ಹುಟ್ಟಿಕೊಳ್ಳುವ ಅಪಾಯ ಇದು. ವಿಚಾರಣಾಧೀನ ಕೈದಿಗಳ ಸಲುವಾಗಿ ಈ ಪದ್ಧತಿಯನ್ನು ಹೆಚ್ಚು ಬಳಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಒತ್ತಿ ಹೇಳಿದ್ದರ ಹಿಂದೆ ಇಂಥವರ ಚಿತ್ರವೇ ಇದ್ದದ್ದು.

ಹಳ್ಳಿಯ ಲೆಕ್ಕ ಇನ್ನೊಂದು. ಆರೋಪಿಯೂ ನೊಂದವನೂ ಒಂದೇ ಊರಿನವರು, ಗದ್ದೆಗೆ ಒಂದೇ ನಾಲೆಯ ನೀರು. ಸಹಿ ಹಾಕೋ ಹಾಕೋ ಎಂದು ನ್ಯಾಯ ಪಂಚಾಯ್ತಿ ಕೂರುತ್ತದೆ. ಸಹಿಗೆ ತೂಕ ಜಾಸ್ತಿಯಾದಷ್ಟೂ ಒತ್ತಡ ಜಾಸ್ತಿ. ಆರೋಪಿಯನ್ನು ಒಬ್ಬನನ್ನೇ ಕೂರಿಸಿ 'ನಿನ್ನ ಇಷ್ಟದಿಂದ ಬಂದಿದ್ದೀಯಾ' ಎಂದು ಕೇಳುವ ನ್ಯಾಯಾಧೀಶರು ನೊಂದವರನ್ನೂ ಹಾಗೆ ಪ್ರತ್ಯೇಕವಾಗಿ ಕೇಳಬೇಕು ಎಂಬ ನಿಯಮ ಇಲ್ಲ. ಎಲ್ಲರ ಒಪ್ಪಿಗೆಯೂ ಸ್ವಂತ ಇಚ್ಛೆಯದಾಗಿರುವಂತೆ ಕೋರ್ಟು ನೋಡಿಕೊಳ್ಳಬೇಕು ಎಂದಷ್ಟೇ ಇದೆ.

ಈ ಎರಡೂ ಕಡೆಯ ವಾದ ಕೇಳಿದ ಮೇಲೆ ಒಂದು ಮಾತು ಎದ್ದು ಕಾಣುತ್ತದೆ. ತಡೆ ಅಧಿಕಾರ ಬೇಕೋ ಬೇಡವೋ ಎಂಬಲ್ಲಿ ಜಗಳ ಇದೆ. ಮೊದಲೇ ತಿಳಿಸಬೇಕು, ಕಾಗದ ಕೊಡಬೇಕು, ಮಾತು ಕೇಳಿ ದಾಖಲಿಸಬೇಕು ಅನ್ನುವುದಕ್ಕೆ ಯಾರದೂ ಅಡ್ಡಿಯಿಲ್ಲ. ಅದರಿಂದ ಕೇಬಲ್ ಕದ್ದವನಿಗೂ ನಷ್ಟವಿಲ್ಲ. ಆದರೂ ಕಾನೂನು ಸಡಿಲವಾಗಿರುವುದು ಸರಿಯಾಗಿ ಅಲ್ಲೇ.

ಅಮೆರಿಕದಲ್ಲಿ ಕಾನೂನು ಇತ್ತು, ಫೋನ್ ಬರಲಿಲ್ಲ

ಎಪ್‌ಸ್ಟೀನ್ ಒಪ್ಪಂದ ಆದಾಗ ಅಲ್ಲಿ ನೊಂದವರ ಹಕ್ಕಿನ ಕೇಂದ್ರ ಕಾನೂನು ಆಗಲೇ ಬಂದು ಮೂರು ವರ್ಷವಾಗಿತ್ತು, 2004ರದ್ದು. ಸರ್ಕಾರಿ ವಕೀಲರ ಜೊತೆ ಚರ್ಚಿಸುವ ಹಕ್ಕು, ತಪ್ಪೊಪ್ಪಿಗೆಯ ವೇಳೆ ಮಾತಾಡುವ ಹಕ್ಕು ಎಲ್ಲ ಅದರಲ್ಲಿತ್ತು. ಆದರೆ ಒಪ್ಪಂದ ನಡೆದದ್ದು ಕೇಂದ್ರದ ಕೋರ್ಟಿನಲ್ಲಿ ಕೇಸು ದಾಖಲಾಗುವ ಮುಂಚೆ. 2008ರಲ್ಲಿ ಅವನು ರಾಜ್ಯದ ಕೋರ್ಟಿನಲ್ಲಿ ಸಣ್ಣ ಆರೋಪ ಒಪ್ಪಿಕೊಂಡು 18 ತಿಂಗಳ ಶಿಕ್ಷೆಯಲ್ಲಿ 13 ತಿಂಗಳಷ್ಟು ಕಳೆದು ಬಂದ. ಸರ್ಕಾರಿ ವಕೀಲರು ಕಾನೂನು ಮುರಿದರು ಎಂದು 2019ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪು ಕೊಟ್ಟರು. 2021ರಲ್ಲಿ ಮೇಲಿನ ಕೋರ್ಟು, ಕೇಸು ದಾಖಲಾಗುವ ಮೊದಲು ಈ ಕಾನೂನು ಹಿಡಿದು ದಾವೆ ಹೂಡಲು ಬರುವುದಿಲ್ಲ ಅಂದಿತು. ಇದರ ನಡುವೆ 2015ರಲ್ಲಿ ಒಂದು ತಿದ್ದುಪಡಿ ಬಂತು. ಯಾವುದೇ ಚೌಕಾಸಿ ಒಪ್ಪಂದವನ್ನು ಸಮಯಕ್ಕೆ ಸರಿಯಾಗಿ ತಿಳಿಸಿಕೊಳ್ಳುವುದು ನೊಂದವರ ಪ್ರತ್ಯೇಕ ಹಕ್ಕು ಎಂದು ಬರೆದರು. ಆದರೂ 346 ಜನ ಸತ್ತ ಎರಡು ವಿಮಾನ ದುರಂತಗಳ ಬಗ್ಗೆ 2021ರಲ್ಲಿ ಬೋಯಿಂಗ್ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಾಗ ಸತ್ತವರ ಮನೆಯವರನ್ನು ಕೇಳಲಿಲ್ಲ. ಅವರೂ ಕಾನೂನಿನ ಪ್ರಕಾರ ನೊಂದವರೇ ಎಂದು ಹೇಳಿಸಿಕೊಳ್ಳಲು ಅವರು 2022ರವರೆಗೆ ಕೋರ್ಟಿನಲ್ಲಿ ಹೋರಾಡಬೇಕಾಯಿತು.

ಮಾದರಿ ನಮ್ಮ ಕೈಯಲ್ಲೇ ಇದೆ

ಅಮೆರಿಕದ ತನಕ ಹೋಗಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಲ್ಲಿ 15ಎ ಎಂಬ ಸೆಕ್ಷನ್ ಸೇರಿತು. ಕೋರ್ಟಿನ ಯಾವುದೇ ಪ್ರಕ್ರಿಯೆ ಇರಲಿ, ನೊಂದವರಿಗೆ ಸರಿಯಾದ, ನಿಖರವಾದ, ಸಮಯಕ್ಕೆ ಸರಿಯಾಗಿ ನೋಟಿಸ್ ಸಿಗಬೇಕು. ತಿಳಿಸುವ ಹೊಣೆ ವಿಶೇಷ ಸರ್ಕಾರಿ ವಕೀಲರದ್ದು ಅಥವಾ ರಾಜ್ಯ ಸರ್ಕಾರದ್ದು. ಜಾಮೀನು, ಬಿಡುಗಡೆ, ಶಿಕ್ಷೆ ಎಲ್ಲದರಲ್ಲೂ ಅವರ ಮಾತು ಕೇಳಬೇಕು, ಲಿಖಿತ ವಾದ ಕೊಡಲು ಬಿಡಬೇಕು. ಇದು ಕಡ್ಡಾಯ, ಸುಮ್ಮನೆ ಅಲಂಕಾರಕ್ಕಲ್ಲ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ. 291ಕ್ಕೂ 15ಎಗೂ ಇರುವ ದೊಡ್ಡ ವ್ಯತ್ಯಾಸ, ಇಲ್ಲಿ ಹೇಳಬೇಕಾದವರು ಯಾರು ಎಂದು ಹೆಸರಿಟ್ಟು ಬರೆದಿರುವುದು. ಸರ್ಕಾರ ಕೇಸು ವಾಪಸ್ ಪಡೆಯುವಾಗಲೂ ನೊಂದವರ ಮಾತು ಕೇಳದೆ ಕೋರ್ಟು ಅನುಮತಿ ಕೊಡುವಂತಿಲ್ಲ ಎಂದು ಹೊಸ ಸಂಹಿತೆಯ 360ನೇ ಸೆಕ್ಷನ್ ಹೇಳುತ್ತದೆ. ಅದೇ ಸಂಹಿತೆ ಬರೆದವರು 291ಕ್ಕೆ ಬಂದಾಗ ಯಾಕೆ ಕೈ ಬಿಗಿ ಹಿಡಿದರೋ!

ಹೀಗೇ ಬಿಟ್ಟರೆ ಎರಡರಲ್ಲಿ ಒಂದಾಗುತ್ತದೆ. ಈ ಪದ್ಧತಿಯ ಬಳಕೆ ಈಗ ತೀರಾ ಕಡಿಮೆ. 30 ದಿನದ ಗಡುವು, ಹೆಚ್ಚಿನ ಕಡಿತ ಸೇರಿ ಬಳಕೆ ಹೆಚ್ಚಿದರೆ, ನೊಂದವರಿಗೆ ಸರಿಯಾಗಿ ತಿಳಿಸದ ಒಪ್ಪಂದಗಳು ರಿಟ್ ರೂಪದಲ್ಲಿ ಹೈಕೋರ್ಟಿಗೆ ಹೋಗಿ ಬೀಳತೊಡಗುತ್ತವೆ. ಸಮಯ ಉಳಿಸಲು ಹೊರಟ ದಾರಿ ಇನ್ನೊಂದು ಕಡೆ ಸಮಯ ತಿನ್ನುತ್ತದೆ. ಅಥವಾ ಯಾರೂ ಹೈಕೋರ್ಟಿಗೆ ಹೋಗುವುದಿಲ್ಲ, 'ದುಡ್ಡಿದ್ದವರು ಮುಗಿಸಿಕೊಂಡರು' ಎಂಬ ಮಾತು ಊರಲ್ಲಿ ಉಳಿಯುತ್ತದೆ. ಎರಡನೆಯದರ ಸಾಧ್ಯತೆಯೇ ಜಾಸ್ತಿ.

ಶ್ರೀರಂಗಪಟ್ಟಣದ ಆ ಹುಡುಗನಿಗೆ ಈಗಿರುವ ಕಾನೂನಿನಲ್ಲೇ ಮಾಡಬಹುದಾದ್ದು ಇಷ್ಟು. ಸಭೆಯಲ್ಲಿ ಕೂತು ಮೊದಲು ಕಾಲಾವಕಾಶ ಕೇಳುವುದು, 60 ದಿನದಲ್ಲಿ ಇನ್ನೊಂದು ಡೇಟಿಗೆ ಸಾಮಾನ್ಯವಾಗಿ ಜಾಗ ಇರುತ್ತದೆ. ಅಷ್ಟರಲ್ಲಿ ತಾಯಿಯ ಹೆಸರಿನಲ್ಲಿ ವಕೀಲರನ್ನು ಪಡೆಯುವುದು. ಒಪ್ಪಂದದ ಕರಡನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳುವುದು. ಪರಿಹಾರದ ಜೊತೆ ಕೇಸಿನ ಖರ್ಚನ್ನೂ, ಕಳೆದುಕೊಂಡ ಶಿಫ್ಟುಗಳ ಲೆಕ್ಕವನ್ನೂ ಮುಂದಿಡುವುದು. ವಿಮೆಯ ಪರಿಹಾರ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಬೇರೆಯಾಗಿ ನಡೆಯುತ್ತದೆ, ಎರಡನ್ನೂ ಒಂದೇ ಗಂಟು ಕಟ್ಟಲು ಯಾರಾದರೂ ಹೇಳಿದರೆ ವಕೀಲರನ್ನು ಕೇಳದೆ ಒಪ್ಪದಿರುವುದು. ಕೊನೆಗೂ ಸರಿ ಅನ್ನಿಸದಿದ್ದರೆ ಸಹಿ ಹಾಕದೆ, ಯಾಕೆ ಹಾಕಲಿಲ್ಲ ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೋರ್ಟಿಗೆ ಕೊಡುವುದು.

ಹಾಗೆ ಮಾಡಿದಾಗ, ಎಲ್ಲರ ಸಹಿ ಬೇಕೇ ಬೇಕು ಎಂಬ ಓದನ್ನು ಕೋರ್ಟು ಒಪ್ಪಿದರೆ, ಕೇಸು ವಿಚಾರಣೆಗೆ ಮರಳುತ್ತದೆ. ಕೆಲವು ತಿಂಗಳ ಮೇಲೆ ಅವನಿಗೆ ಮತ್ತೆ ಕರೆ ಬರುತ್ತದೆ, ಈ ಸಲ ಸಾಕ್ಷಿ ಹೇಳಲು. ಅದು ಬರೀ ಫೋನ್ ಕರೆಯಲ್ಲ. ಕೋರ್ಟಿನ ಮೊಹರು, ಕೇಸಿನ ನಂಬರ್, ದಿನಾಂಕ, ಸಮಯ, ಬರದಿದ್ದರೆ ಏನಾಗುತ್ತದೆ ಎಂಬ ಎಚ್ಚರಿಕೆ, ಎಲ್ಲ ಇರುವ ಸಮನ್ಸ್ ಅದು.